ಬಸವನ ಬಾಯಿಂದ ಬೆಟ್ಟದ ನೆತ್ತಿಗೆ

ಕೋಲಾರ ಪಟ್ಟಣಕ್ಕೆ ಅಂಟಿಕೊಂಡಂತಿರುವ ಅಂತರಗಂಗೆ ಬೆಟ್ಟಕ್ಕೆ ಬರುವವರಲ್ಲಿ ಎರಡು ಪಂಗಡ. ಭಕ್ತರು ಮೆಟ್ಟಿಲು ಹತ್ತಿ, ಕಾಶಿ ವಿಶ್ವೇಶ್ವರನಿಗೆ ಕೈಮುಗಿದು, ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ಬೀಳುವ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು ಇಳಿದು ಹೋಗುತ್ತಾರೆ. ಚಾರಣಿಗರು ಗುಡಿಯ ಪಕ್ಕದ ಕಾಲುದಾರಿ ಹಿಡಿದು, ಬಂಡೆಗಳ ನಡುವಿನ ಗವಿಗಳಲ್ಲಿ ತೆವಳಿ ನುಸುಳಿ, ಫೋಟೊ ತೆಗೆದುಕೊಂಡು ಬಂದ ದಾರಿಯಲ್ಲೇ ಮರಳುತ್ತಾರೆ. ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವುದರಿಂದ ಅರ್ಧ ದಿನದಲ್ಲಿ ಮುಗಿಯುವ ಕೆಲಸ ಇದು. ಒಬ್ಬರಿಗೆ ಬುಗ್ಗೆ ಸಿಕ್ಕಿತು, ಇನ್ನೊಬ್ಬರಿಗೆ ಗವಿ ಸಿಕ್ಕಿತು. ಬೆಟ್ಟ ಮಾತ್ರ ಇಬ್ಬರಿಗೂ ಸಿಗಲಿಲ್ಲ. ಇಲ್ಲಿಗೆ ಒಂದು ಹಗಲನ್ನು ಕೊಡಬಲ್ಲವರು ಹೋಗಿಬರುವ ಚಾರಣದ ಬದಲು ಸುತ್ತುವ ಚಾರಣವನ್ನು ಯೋಜಿಸಬೇಕು ಎಂಬುದು ಈ ಲೇಖನದ ವಾದ. ಬುಗ್ಗೆಯಿಂದ ಗವಿಗೆ, ಗವಿಯಿಂದ ನೆತ್ತಿಯ ಹೊಲಗಳಿಗೆ, ಅಲ್ಲಿಂದ ನೆತ್ತಿಯ ಮೇಲಿನ ಊರಾದ ತೇರಹಳ್ಳಿಯ ರಸ್ತೆ ಹಿಡಿದು ಕೆಳಕ್ಕೆ. ಒಂದೇ ದಾರಿಯಲ್ಲಿ ಎರಡು ಸಲ ನಡೆಯುವ ಬೇಸರ ತಪ್ಪುತ್ತದೆ ಎಂಬುದು ಸಣ್ಣ ಕಾರಣ. ಇಲ್ಲಿನ ಗವಿ ಮತ್ತು ಬುಗ್ಗೆ ಎರಡು ಬೇರೆ ಬೇರೆ ನೋಟಗಳಲ್ಲ, ಒಂದೇ ಕಲ್ಲಿನ ಒಂದೇ ಗುಣದ ಎರಡು ತುದಿಗಳು, ಸುತ್ತು ಹಾಕದೆ ಆ ಸಂಬಂಧ ಕಾಣುವುದಿಲ್ಲ ಎಂಬುದು ದೊಡ್ಡ ಕಾರಣ.

ಕಲ್ಲಿನಿಂದಲೇ ಶುರುಮಾಡೋಣ. ಶತಶೃಂಗ ಎಂದು ಪುರಾಣದ ಹೆಸರಿರುವ ಈ ಬೆಟ್ಟಸಾಲು ಗ್ರಾನೈಟ್ ಮತ್ತು ನೈಸ್ ಶಿಲೆಯದು. ದಕ್ಷಿಣ ಭಾರತದ ತಳಪಾಯವೇ ಆಗಿರುವ ಈ ಶಿಲೆಗಳ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹೆಚ್ಚು. ಸುಣ್ಣಕಲ್ಲಿನ ನಾಡುಗಳಲ್ಲಿ ನೀರು ಕಲ್ಲನ್ನೇ ಕರಗಿಸಿ ಮೈಲಿಗಟ್ಟಲೆ ಸುರಂಗದಂಥ ಗುಹೆಗಳನ್ನು ಕೊರೆಯುತ್ತದೆ. ಗ್ರಾನೈಟು ಹಾಗೆ ಕರಗುವ ಜಾತಿಯದಲ್ಲ. ಅದು ಬಿರಿಯುತ್ತದೆ. ಆಳದಲ್ಲಿ ಹುಟ್ಟಿದ ಶಿಲೆಯ ಮೇಲಿನ ಭಾರ ಯುಗಯುಗಗಳ ಸವೆತದಿಂದ ಇಳಿದಂತೆ ಅದು ಹಿಗ್ಗಿ, ಅಡ್ಡಕ್ಕೂ ಉದ್ದಕ್ಕೂ ಬಿರುಕು ಬಿಡುತ್ತದೆ. ಮಳೆನೀರು ಆ ಬಿರುಕುಗಳಿಗೆ ಇಳಿದು ಅಂಚುಗಳನ್ನು ಮೊದಲು ತಿನ್ನುತ್ತದೆ, ಮೂಲೆಗಳು ಸವೆಯುತ್ತವೆ, ಚೌಕವಾಗಿದ್ದ ತುಂಡು ಗುಂಡಾಗುತ್ತದೆ. ಸುತ್ತಲಿನ ಪುಡಿಕಲ್ಲು ಮಳೆಗೆ ಕೊಚ್ಚಿಹೋದ ಮೇಲೆ ಉಳಿಯುವುದು ಒಂದರ ಮೇಲೊಂದು ಕೂತ ಆನೆಗಾತ್ರದ ಬಂಡೆಗಳ ರಾಶಿ ಮತ್ತು ಅವುಗಳ ನಡುವಿನ ಖಾಲಿ ಜಾಗ. ಅಂತರಗಂಗೆಯ ಗವಿಗಳೆಂದರೆ ಈ ಖಾಲಿ ಜಾಗಗಳೇ. ಆದ್ದರಿಂದಲೇ ಅವುಗಳಿಗೆ ನೇರವಾದ ಓಣಿಯಿಲ್ಲ, ಸಮನಾದ ನೆಲವಿಲ್ಲ. ಎಲ್ಲೋ ಒಂದೆಡೆ ನಿಂತು ನಡೆಯಬಹುದು, ಮರುಗಳಿಗೆಗೆ ಹೊಟ್ಟೆ ನೆಲಕ್ಕೆ ತಾಗಿಸಿ ತೆವಳಬೇಕು, ತಲೆ ಎತ್ತಿದರೆ ಎರಡು ಬಂಡೆಗಳ ಸಂದಿಯಲ್ಲಿ ಆಕಾಶದ ಒಂದು ಗೆರೆ ಕಾಣುತ್ತದೆ. ಗೈಡುಗಳು ಇವಕ್ಕೆ ಏನೇನೋ ಹೆಸರಿಡುತ್ತಾರೆ, ಅದು ಅವರ ಕಸುಬು.

ಬುಗ್ಗೆಯ ಮೂಲವೂ ಇದೇ ಬಿರುಕು. ಗ್ರಾನೈಟಿನ ಮೈಯಲ್ಲಿ ನೀರು ಹಿಡಿದಿಡುವ ರಂಧ್ರಗಳಿಲ್ಲ. ಇಂಥ ನೆಲದಲ್ಲಿ ನೀರು ಉಳಿಯುವುದು ಎರಡೇ ಕಡೆ: ಮೇಲ್ಪದರದಲ್ಲಿ ಶಿಲೆ ಹದಗೆಟ್ಟು ಗರಸಾಗಿರುವ ಮಣ್ಣಿನಲ್ಲಿ, ಅದರ ಕೆಳಗಿನ ಬಿರುಕುಗಳ ಜಾಲದಲ್ಲಿ. ನೆತ್ತಿಯ ಮೇಲೆ ಬಿದ್ದ ಮಳೆ ಗರಸಿಗೆ ಇಂಗಿ, ನಿಧಾನಕ್ಕೆ ಬಿರುಕಿಗೆ ಸೋರಿ, ಇಳಿಜಾರಿನಲ್ಲಿ ಆ ಬಿರುಕು ಎಲ್ಲಿ ಹೊರಗೆ ಬಾಯಿ ತೆರೆಯುತ್ತದೋ ಅಲ್ಲಿ ಒರತೆಯಾಗಿ ಹೊರಬರುತ್ತದೆ. ಯಾರೋ ಹಿಂದಿನವರು ಆ ಬಾಯಿಗೆ ಬಸವನ ಮುಖ ಕಡೆದಿಟ್ಟು, ಕೆಳಗೆ ಕಲ್ಯಾಣಿ ಕಟ್ಟಿದರು. ಮಳೆ ನಿಂತ ತಿಂಗಳುಗಳಲ್ಲೂ ನೀರು ಬರುವುದು ಪವಾಡದಂತೆ ಕಾಣುವುದು ಸಹಜ. ಆದರೆ ಇಂಗುವುದಕ್ಕೂ ಹೊರಬರುವುದಕ್ಕೂ ನಡುವಿನ ಈ ನಿಧಾನವೇ ಅದರ ಗುಟ್ಟು. ಅಗಲವಾದ ಬಿರುಕು ನೀರನ್ನು ಕೂಡಲೇ ಬಿಟ್ಟುಕೊಡುತ್ತದೆ, ಕಿರಿದಾದದ್ದು ಜಿಪುಣತನ ಮಾಡುತ್ತದೆ. ಬುಗ್ಗೆಯನ್ನು ಬೇಸಿಗೆ ದಾಟಿಸುವುದು ಈ ಜಿಪುಣ ಬಿರುಕುಗಳು. ಗವಿ ಎಂದರೆ ಅಗಲವಾಗಿ ಬರಿದಾದ ಬಿರುಕು, ಬುಗ್ಗೆ ಎಂದರೆ ಇನ್ನೂ ಕಿರಿದಾಗಿ ನೀರು ಹಿಡಿದಿರುವ ಬಿರುಕು. ದೇವಸ್ಥಾನದ ಹತ್ತಿರವಷ್ಟೇ ನಿಂತವರಿಗೆ, ಅಥವಾ ಗವಿಯೊಳಗಷ್ಟೇ ತೆವಳಿದವರಿಗೆ, ಇದು ಹೊಳೆಯಲು ಕಾರಣವೇ ಇಲ್ಲ.

ಇಂಥ ಸಂಬಂಧವನ್ನು ಬೇರೆಲ್ಲೋ ತೋರಿಸುವುದಕ್ಕಿಂತ ಕೋಲಾರದಲ್ಲಿ ತೋರಿಸುವುದಕ್ಕೆ ವಿಶೇಷ ಅರ್ಥವಿದೆ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ಇದು. ಶತಮಾನಗಳ ಕಾಲ ಕೆರೆಗಳ ಸರಪಳಿಯಿಂದ ಬದುಕಿದ ನೆಲ, ಕಳೆದ ಕೆಲವು ದಶಕಗಳಲ್ಲಿ ಕೊಳವೆಬಾವಿಗೆ ಜೋತುಬಿದ್ದು ಸಾವಿರ ಅಡಿ ದಾಟಿ ಕೊರೆದರೂ ಧೂಳೇ ಬರುವ ಸ್ಥಿತಿಗೆ ಬಂತು. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಇದು ಅಂತರ್ಜಲದ ಅತಿಬಳಕೆಯ ಪ್ರದೇಶ. ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್ ಕಾಟ ಬೇರೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಇಲ್ಲಿನ ಕೆರೆಗಳಿಗೆ ಬರತೊಡಗಿತು. ಅದು ವರವೋ ಶಾಪವೋ ಎಂಬ ಜಗಳ ನ್ಯಾಯಾಲಯದವರೆಗೂ ಹೋಯಿತು. ಇಂಥ ಊರಿನ ಪಕ್ಕದಲ್ಲೇ, ಪಂಪಿಲ್ಲದೆ, ವಿದ್ಯುತ್ತಿಲ್ಲದೆ, ಬರೀ ಇಳಿಜಾರಿನ ಬಲದಿಂದ ಕಲ್ಲಿನ ಬಾಯಲ್ಲಿ ನೀರು ಬೀಳುತ್ತಿದೆ. ಕೆಳಗಿನ ಬಯಲಿನಲ್ಲಿ ಎಷ್ಟೇ ಆಳಕ್ಕೆ ಕೊರೆದರೂ ಈ ಬುಗ್ಗೆಗೆ ನೇರವಾಗಿ ದೊಡ್ಡ ಪೆಟ್ಟು ಬೀಳುವ ಸಂಭವ ಕಡಿಮೆ, ಏಕೆಂದರೆ ಅದಕ್ಕೆ ನೀರುಣಿಸುವ ಜಾಗ ಅದಕ್ಕಿಂತ ಮೇಲಿದೆ. ಪೆಟ್ಟು ಬೀಳುವುದಾದರೆ ನೆತ್ತಿಯಲ್ಲೇ ಬೀಳಬೇಕು: ಅಲ್ಲಿ ಕೊಳವೆಬಾವಿ ಇಳಿದರೆ, ಕಲ್ಲುಗಣಿ ತೆರೆದರೆ, ಗರಸಿನ ಮೇಲೆ ಸಿಮೆಂಟು ಹಾಸಿದರೆ, ಹುಲ್ಲು ಪೊದೆ ಸವರಿ ನೀಲಗಿರಿ ನೆಟ್ಟರೆ. ನೀಲಗಿರಿಯ ಹೊಸ ನೆಡುತೋಪಿಗೆ ರಾಜ್ಯ ಸರ್ಕಾರ 2017ರಲ್ಲಿ ತಡೆ ಹಾಕಿದ್ದು ಸುಮ್ಮನೆ ಅಲ್ಲ. ನೆತ್ತಿಗೆ ಹೋಗದ ಚಾರಣದಲ್ಲಿ ಈ ಪ್ರಶ್ನೆಗಳಲ್ಲಿ ಒಂದೂ ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಸುತ್ತನ್ನು ಯಾವ ದಿಕ್ಕಿನಲ್ಲಿ ಹಾಕಬೇಕು? ನೀರಿನ ದಾರಿಯನ್ನೇ ಅನುಸರಿಸುವುದು ತರ್ಕಕ್ಕೆ ಸರಿ ಎನಿಸುತ್ತದೆ: ಮೊದಲು ರಸ್ತೆಯಲ್ಲಿ ತೇರಹಳ್ಳಿಗೆ ಏರಿ, ಮಳೆ ಇಂಗುವ ಹೊಲ, ಕುಂಟೆಗಳನ್ನು ನೋಡಿ, ಗವಿಗಳ ಮೂಲಕ ಇಳಿದು, ಕೊನೆಗೆ ಬಸವನ ಮುಂದೆ ನಿಲ್ಲುವುದು. ಕಾಗದದ ಮೇಲೆ ಚಂದ, ಕಾಲಿಗೆ ಅಪಾಯ. ಬಂಡೆ ಹತ್ತುವಾಗ ಕೈ, ಕಣ್ಣು, ಕಾಲು ಒಂದೇ ಕಡೆ ಇರುತ್ತವೆ. ಇಳಿಯುವಾಗ ಕಾಲಿಡುವ ಜಾಗ ಕಣ್ಣಿಗೆ ಕಾಣುವುದಿಲ್ಲ, ಮೊಣಕಾಲು ದಣಿದಿರುತ್ತದೆ, ಬ್ಯಾಗು ಹಿಂದಿನಿಂದ ನೂಕುತ್ತದೆ. ಬಂಡೆರಾಶಿಯಲ್ಲಿ ಕಾಲು ಉಳುಕುವುದು ಇಳಿಯುವಾಗಲೇ ಹೆಚ್ಚು. ಆದ್ದರಿಂದ ಬೆಳಗಿನ ತಂಪಿನಲ್ಲಿ, ಮೈಯಲ್ಲಿ ಕಸುವಿರುವಾಗ, ದೇವಸ್ಥಾನದ ಕಡೆಯಿಂದಲೇ ಏರಿ ಗವಿಗಳನ್ನು ಮೊದಲು ಮುಗಿಸಬೇಕು. ಮಧ್ಯಾಹ್ನಕ್ಕೆ ಮುನ್ನ ನೆತ್ತಿ ಸೇರಬೇಕು. ಇಳಿಯಲು ತೇರಹಳ್ಳಿಯ ವಾಹನ ರಸ್ತೆ. ಕೊನೆಯಲ್ಲಿ ಡಾಂಬರಿನ ಮೇಲೆ ನಡೆಯಬೇಕೇ ಎಂದು ಮೂಗು ಮುರಿಯುವವರಿದ್ದಾರೆ. ದಿನದ ಕೊನೆಗೆ, ಬೆಳಕು ಇಳಿಯುವ ಹೊತ್ತಿಗೆ, ದಾರಿ ತಪ್ಪಲು ಸಾಧ್ಯವೇ ಇಲ್ಲದ ಇಳಿಜಾರು ಸಿಗುವುದು ಯೋಜನೆಯ ದೃಷ್ಟಿಯಿಂದ ಕೊರತೆಯಲ್ಲ, ಲಾಭ. ಈ ದಿಕ್ಕಿನಲ್ಲಿ ನೀರಿನ ಕಥೆ ಹಿಂದುಮುಂದಾಗುತ್ತದೆ ನಿಜ. ಮೊದಲು ಫಲ, ಆಮೇಲೆ ಕಾರಣ. ಆದರೆ ಬುಗ್ಗೆಯನ್ನು ಮೊದಲು ನೋಡಿ ‘ಇದು ಎಲ್ಲಿಂದ?’ ಎಂಬ ಪ್ರಶ್ನೆ ಹೊತ್ತು ಏರುವವರು ನೆತ್ತಿಯ ಮೇಲಿನ ಗರಸು ಮಣ್ಣನ್ನು ನೋಡುವ ಕಣ್ಣೇ ಬೇರೆ. ತನಿಖೆಗಳೆಲ್ಲ ಫಲದಿಂದ ಕಾರಣದ ಕಡೆಗೇ ಅಲ್ಲವೆ ಸಾಗುವುದು?

ಸಮಯದ ಲೆಕ್ಕದಲ್ಲಿ ಹೆಚ್ಚಿನವರು ಎಡವುತ್ತಾರೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ. ಈಗಿನ ಅಳತೆಯಲ್ಲಿ ಹೇಳುವುದಾದರೆ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ ಆರುನೂರು ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಸುತ್ತು ಎಂಟು ಕಿಲೋಮೀಟರ್, ಏರಿಕೆ ನಾನೂರು ಮೀಟರ್ ಎಂದುಕೊಂಡರೂ ಈ ಸೂತ್ರದ ಪ್ರಕಾರ ಎರಡೂಕಾಲು ಗಂಟೆಯ ಆಸುಪಾಸಿಗೆ ಎಲ್ಲವೂ ಮುಗಿಯಬೇಕು. ಮುಗಿಯುವುದಿಲ್ಲ. ನೈಸ್ಮಿತ್ ಲೆಕ್ಕ ಹಾಕಿದ್ದು ನಡೆಯುವವರಿಗೆ, ತೆವಳುವವರಿಗಲ್ಲ. ಹತ್ತು ಜನರ ಗುಂಪು ಒಬ್ಬೊಬ್ಬರೇ ಒಂದು ಸಂದಿಯಲ್ಲಿ ನುಸುಳಬೇಕಾದಾಗ ದೂರ ಎಂಬ ಅಳತೆಗೆ ಬೆಲೆಯೇ ಇರುವುದಿಲ್ಲ, ಜನಸಂಖ್ಯೆಯೇ ಅಳತೆಯಾಗುತ್ತದೆ. ಗವಿಗಳಿಗೇ ಎರಡು ಗಂಟೆ ಮೀಸಲಿಟ್ಟು, ನೆತ್ತಿಯಲ್ಲಿ ಊಟ ವಿಶ್ರಾಂತಿ ಸೇರಿಸಿದರೆ ಆರು ಗಂಟೆಯ ದಿನ. ಇಂಥದ್ದನ್ನೇ ಮಧ್ಯಮ ಚಾರಣ ಎನ್ನಬೇಕು: ಎತ್ತರದ ದೃಷ್ಟಿಯಿಂದ ಸುಲಭ, ಅಂಗಾಂಗಗಳ ದೃಷ್ಟಿಯಿಂದ ಅಷ್ಟು ಸುಲಭವಲ್ಲ. ತಲಾ ಎರಡೂವರೆ ಲೀಟರ್ ನೀರು ಹೊತ್ತೇ ಹೋಗಬೇಕು. ಬುಗ್ಗೆಯಿದೆಯಲ್ಲ ಎಂದು ಖಾಲಿ ಬಾಟಲಿ ಹಿಡಿದು ಹೋಗುವುದು ತಪ್ಪು. ನೂರಾರು ಕೈಗಳು ಮುಟ್ಟುವ, ಕೋತಿಗಳು ಕುಡಿಯುವ, ಶೋಧನೆಯಾಗದ ನೀರು ಅದು. ಭಕ್ತಿಯಿಂದ ಒಂದು ಗುಟುಕು ತೀರ್ಥ ಬೇರೆ, ದಿನವಿಡೀ ಕುಡಿಯುವ ನೀರು ಬೇರೆ.

ಉಳಿದ ಸಿದ್ಧತೆಯನ್ನು ಬೇಗ ಹೇಳಿಬಿಡಬಹುದು. ತಲೆಗೆ ಕಟ್ಟುವ ಟಾರ್ಚ್ ತಲಾ ಒಂದು, ಗುಂಪಿಗೆ ಹೆಚ್ಚುವರಿ ಒಂದೆರಡು. ಮೊಬೈಲಿನ ಬೆಳಕು ಸಾಲದು, ಕೈಯೂ ಖಾಲಿ ಉಳಿಯದು. ದಾರಿ ಬಲ್ಲ ಸ್ಥಳೀಯರೊಬ್ಬರು ಜೊತೆಗಿರಲೇಬೇಕು, ಬಂಡೆರಾಶಿಯಲ್ಲಿ ಒಂದು ಸಂದಿ ಇನ್ನೊಂದರಂತೆಯೇ ಕಾಣುತ್ತದೆ. ಸುಗಂಧ ಪೂಸಿಕೊಂಡು, ಬೀಡಿ ಸಿಗರೇಟು ಹಚ್ಚಿಕೊಂಡು ಕಲ್ಲುಗೋಡೆಗಳ ಹತ್ತಿರ ಹೋಗಬಾರದು, ಹೆಜ್ಜೇನಿಗೆ ಹೊಗೆಯೂ ಘಾಟೂ ಆಗದು. ತಿಂಡಿಯ ಪೊಟ್ಟಣ ಕೈಯಲ್ಲಿ ಕಂಡರೆ ಮೆಟ್ಟಿಲ ಬಳಿಯ ಕೋತಿಗಳೇ ಅದನ್ನು ವಿಲೇವಾರಿ ಮಾಡುತ್ತವೆ. ಮಳೆ ಬಂದ ಮರುದಿನ ಗವಿಗೆ ಇಳಿಯಬಾರದು. ಅರಣ್ಯ ಇಲಾಖೆಯ ಅನುಮತಿ, ಸಮಯದ ನಿಯಮಗಳನ್ನು ಹೊರಡುವ ಮುನ್ನ ನೋಡಿಕೊಳ್ಳಬೇಕು, ಅವು ಆಗಾಗ ಬದಲಾಗುತ್ತವೆ.

ಈ ಯೋಜನೆಗೆ ಬರುವ ಮೊದಲ ಆಕ್ಷೇಪ ರಾತ್ರಿ ಚಾರಣದವರದು. ಅಂತರಗಂಗೆ ಬೆಂಗಳೂರಿನ ಹುಡುಗ ಹುಡುಗಿಯರಿಗೆ ಪರಿಚಯವಾದದ್ದೇ ವಾರಾಂತ್ಯದ ರಾತ್ರಿ ಏರಿಕೆಯಿಂದ. ಹಗಲಿನ ಬಿಸಿಲು ತಪ್ಪುತ್ತದೆ, ನಕ್ಷತ್ರ ಕಾಣುತ್ತದೆ, ನೆತ್ತಿಯಲ್ಲಿ ಸೂರ್ಯೋದಯ, ಸೋಮವಾರ ಮತ್ತೆ ಕೆಲಸ. ಈ ಆಕರ್ಷಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಗವಿಯೊಳಗೆ ಹೇಗೂ ಕತ್ತಲೆ, ಹಗಲಾದರೇನು ಇರುಳಾದರೇನು ಎಂಬ ಮಾತಿನಲ್ಲೂ ಹುರುಳಿದೆ. ಆದರೆ ಗವಿಗೆ ಹೋಗುವ ದಾರಿಯಲ್ಲಿ ಚೇಳು, ಹಾವು ಯಾವ ಕಲ್ಲಿನ ಕೆಳಗಿದೆ ಎಂಬುದು ಹಗಲಿನಲ್ಲಿ ಕಂಡಷ್ಟು ಇರುಳಿನಲ್ಲಿ ಕಾಣುವುದಿಲ್ಲ. ಒಬ್ಬರ ಕಾಲು ಮುರಿದರೆ ಬೆಳಗಾಗುವವರೆಗೆ ಕೆಳಗಿಳಿಸುವುದೂ ಕಷ್ಟ. ಅದಕ್ಕಿಂತ ಮುಖ್ಯವಾದದ್ದು, ಕತ್ತಲಿನಲ್ಲಿ ಬೆಟ್ಟ ಬರೀ ಒಂದು ಸಾಹಸದ ಹಿನ್ನೆಲೆಯಾಗುತ್ತದೆ. ಬಿರುಕು ಯಾವ ದಿಕ್ಕಿಗೆ ಓಡುತ್ತದೆ, ಹಸಿರು ಎಲ್ಲಿ ದಟ್ಟವಾಗಿದೆ, ಬಂಡೆಯ ಮೇಲಿನ ತೇವದ ಕಪ್ಪು ಗೆರೆ ಎಲ್ಲಿ ಶುರುವಾಗುತ್ತದೆ, ಇವೆಲ್ಲ ಬೆಳಕಿದ್ದರೆ ಮಾತ್ರ ಓದಬಹುದಾದ ಲಿಪಿ. ಇನ್ನು ನೆತ್ತಿಯಲ್ಲಿ ಊರುಗಳಿವೆ, ಏಳು ಊರು ಎಂದು ಹೇಳುವ ರೂಢಿ. ಅಲ್ಲಿ ನಸುಕಿನಲ್ಲಿ ಎದ್ದು ಹಾಲು ಕರೆಯುವವರಿದ್ದಾರೆ. ರಾತ್ರಿ ಎರಡು ಗಂಟೆಗೆ ಸ್ಪೀಕರು ಹೊತ್ತು ಬರುವ ಗುಂಪುಗಳ ಬಗ್ಗೆ ಅವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದದ್ದು. ಕಾಶಿಯ ಗಂಗೆಯೇ ನೆಲದೊಳಗೆ ಹರಿದು ಇಲ್ಲಿ ಮೇಲೆ ಬರುತ್ತಾಳೆ ಎಂದು ತಲೆತಲಾಂತರದಿಂದ ನಂಬಿ ಬಂದವರ ನಡುವೆ ಗರಸು, ಬಿರುಕು ಎಂದು ಮಾತಾಡುವುದು ಅಧಿಕಪ್ರಸಂಗವಲ್ಲವೇ? ಭೂವಿಜ್ಞಾನವನ್ನು ನಂಬಿಕೆಯ ವಿರುದ್ಧ ನಿಲ್ಲಿಸಿದರೆ ಹೌದು, ಅಧಿಕಪ್ರಸಂಗವೇ. ಹಾಗೆ ನಿಲ್ಲಿಸುವ ಅಗತ್ಯವಿಲ್ಲ. ಈ ಬುಗ್ಗೆಯ ಬಾಯಿಯನ್ನು ಇಷ್ಟು ಕಾಲ ಕಾಪಾಡಿದ್ದು ಯಾವ ಇಲಾಖೆಯೂ ಅಲ್ಲ, ಆ ನಂಬಿಕೆ. ಮೆಟ್ಟಿಲು ಕಟ್ಟಿಸಿದ್ದು, ಕಲ್ಯಾಣಿ ತೋಡಿದ್ದು, ಬಸವನನ್ನು ಕಡೆದದ್ದು ಅದೇ. ಜೊತೆಗೆ, ನೀರು ಇಲ್ಲೇ ಹುಟ್ಟಿದ್ದಲ್ಲ, ಕಣ್ಣಿಗೆ ಕಾಣದ ದಾರಿಯಲ್ಲಿ ಬೇರೆಲ್ಲಿಂದಲೋ ಬರುತ್ತಿದೆ ಎಂಬ ಮೂಲಭೂತ ಸಂಗತಿಯನ್ನು ಪುರಾಣ ಸರಿಯಾಗಿಯೇ ಹಿಡಿದಿದೆ. ವ್ಯತ್ಯಾಸವಿರುವುದು ವಿಳಾಸದಲ್ಲಿ. ಆ ವಿಳಾಸ ಸಾವಿರಾರು ಕಿಲೋಮೀಟರ್ ದೂರದ್ದಾದರೆ ನಾವು ಮಾಡಬಹುದಾದದ್ದು ಕೈಮುಗಿಯುವುದಷ್ಟೇ. ತಲೆಯ ಮೇಲಿನ ಹೊಲಗಳದ್ದಾದರೆ ಕೈಮುಗಿದ ಮೇಲೂ ಮಾಡುವ ಕೆಲಸ ಉಳಿದಿರುತ್ತದೆ. ಸಿಕ್ಕಿಂ ಸರ್ಕಾರ 2008ರಲ್ಲಿ ಧಾರಾ ವಿಕಾಸ್ ಎಂಬ ಕಾರ್ಯಕ್ರಮದಡಿ ಬತ್ತುತ್ತಿದ್ದ ಒರತೆಗಳಿಗೆ ಜೀವ ಕೊಡಲು ಹೊರಟಾಗ ಹಿಡಿದ ದಾರಿ ಇದೇ. ಒರತೆಯ ಬಾಯಿಗೆ ತೊಟ್ಟಿ ಕಟ್ಟುವುದಕ್ಕಷ್ಟೇ ನಿಲ್ಲದೆ, ಅದಕ್ಕೆ ನೀರುಣಿಸುವ ಮೇಲಿನ ಇಳಿಜಾರನ್ನು ಶಿಲೆಯ ಬಾಗುವಿಕೆ ನೋಡಿ ಗುರುತಿಸಿ, ಅಲ್ಲಿ ಇಂಗುಗುಂಡಿ, ಕಂದಕ ತೋಡಿದರು. ಹಿಮಾಲಯದ ಶಿಲೆ ಬೇರೆ, ಕೋಲಾರದ್ದು ಬೇರೆ. ಮೇಲೆ ನೋಡಬೇಕು ಎಂಬುದು ಮಾತ್ರ ಎರಡಕ್ಕೂ ಒಂದೇ.

ಮೂರನೆಯ ಆಕ್ಷೇಪಕ್ಕೆ ಪೂರ್ತಿ ಉತ್ತರವಿಲ್ಲ ಎಂದು ಒಪ್ಪಿಕೊಳ್ಳುವುದೇ ಮೇಲು. ಈಗ ದೇವಸ್ಥಾನ ಮತ್ತು ಗವಿಗಳಿಗೆ ಸೀಮಿತವಾಗಿರುವ ಗುಂಪುಗಳನ್ನು ಸುತ್ತಿನ ಹೆಸರಿನಲ್ಲಿ ನೆತ್ತಿಗೂ ಹತ್ತಿಸಿದರೆ, ಅಲ್ಲಿಗೂ ಬಾಟಲಿ, ಪ್ಲಾಸ್ಟಿಕ್, ಗದ್ದಲ ಹೋಗುವುದಿಲ್ಲವೇ? ಬುಗ್ಗೆಯ ಜಲಾನಯನಕ್ಕೆ ಪ್ರೀತಿಯಿಂದ ಹೋದವರೇ ಅದನ್ನು ಹಾಳುಗೆಡವಿದರೆ? ಅಪಾಯ ನಿಜ. ಆದರೆ ಜನರನ್ನು ದೂರವಿಟ್ಟು ಉಳಿಸಲು ಇದು ಜನವಿಲ್ಲದ ಕಾಡಲ್ಲ. ಮೇಲೆ ಹೊಲವಿದೆ, ಮನೆಯಿದೆ, ರಸ್ತೆಯಿದೆ. ಅಲ್ಲಿ ಮುಂದೇನಾಗಬೇಕು ಎಂದು ತೀರ್ಮಾನಿಸುವವರು ಆ ಊರಿನವರು. ರೆಸಾರ್ಟಿಗೆ ಜಮೀನು ಕೊಡುವುದು ಲಾಭವೋ, ರಾಗಿ ಬೆಳೆದುಕೊಂಡು ಆಗಾಗ ಬರುವ ಚಾರಣಿಗರಿಗೆ ಊಟ ಹಾಕುವುದು ಲಾಭವೋ ಎಂಬ ಲೆಕ್ಕ ಅವರ ಮುಂದೆ ಇಂದಲ್ಲ ನಾಳೆ ಬಂದೇ ಬರುತ್ತದೆ. ಕೆಳಗಿನಿಂದ ಬಿರಿಯಾನಿ ಪೊಟ್ಟಣ ಹೊತ್ತು ಹೋಗಿ ಕಾಗದ ಅಲ್ಲೇ ಎಸೆದು ಬರುವ ಗುಂಪು ಆ ಲೆಕ್ಕದಲ್ಲಿ ಖರ್ಚಿನ ಕಡೆ ಸೇರುತ್ತದೆ. ಮುಂಚೆಯೇ ಹೇಳಿಕಳಿಸಿ, ತಲಾ ಇಷ್ಟೆಂದು ಮಾತಾಡಿಕೊಂಡು, ಮೇಲಿನ ಮನೆಯೊಂದರಲ್ಲಿ ಮುದ್ದೆ ಬಸ್ಸಾರು ಉಣ್ಣುವ, ಊರಿನವರನ್ನೇ ದಾರಿಗೆ ಕರೆದುಕೊಳ್ಳುವ ಹತ್ತು ಜನರ ಗುಂಪು ಆದಾಯದ ಕಡೆ ಸೇರುತ್ತದೆ. ಹತ್ತಕ್ಕಿಂತ ಹೆಚ್ಚು ಬೇಡ. ಗವಿಯ ಸಂದಿಗೂ ಅದೇ ಮಿತಿ, ಒಂದು ಮನೆಯ ಒಲೆಗೂ ಅದೇ ಮಿತಿ.

ಕಾಲದ ವಿಷಯದಲ್ಲಿ ಎರಡು ಅನುಕೂಲಗಳು ಒಂದನ್ನೊಂದು ಎಳೆಯುತ್ತವೆ. ಕೋಲಾರಕ್ಕೆ ಮಳೆಯ ಮುಖ್ಯ ಪಾಲು ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನವೆಂಬರ್ ಕೊನೆಯಿಂದ ಜನವರಿವರೆಗೆ ಗಾಳಿ ತಂಪು, ಬಂಡೆ ಒಣಗಿರುತ್ತದೆ, ಬುಗ್ಗೆಯೂ ತುಂಬಿರುತ್ತದೆ. ನಡೆಯುವವರಿಗೆ ಇದೇ ಸರಿಯಾದ ಕಾಲ. ಆದರೆ ಬುಗ್ಗೆಯ ನಿಜವಾದ ಬಲ ತಿಳಿಯುವುದು ಏಪ್ರಿಲ್‌ನಲ್ಲಿ. ಆಗ ಬಸವನ ಬಾಯಲ್ಲಿ ಬರುವ ಎಳೆ ಎಷ್ಟು ಸಣ್ಣದಾಗಿದೆ ಎಂಬುದೇ ನೆತ್ತಿಯ ಮಣ್ಣಿನ ಆರೋಗ್ಯದ ವರದಿ. ಬೇಸಿಗೆಯಲ್ಲಿ ಪೂರ್ತಿ ಸುತ್ತು ಹಾಕುವುದು ಅವಿವೇಕ. ಗುಡಿಯವರೆಗಷ್ಟೇ ಹೋಗಿ, ಒಂದು ಲೀಟರ್ ಬಾಟಲಿ ತುಂಬಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆದಿಟ್ಟುಕೊಂಡು ಬರಬಹುದು. ಕೋಲಾರದ ಯಾವುದಾದರೂ ಶಾಲೆಯ ಮಕ್ಕಳು ಪ್ರತಿ ತಿಂಗಳು ಈ ಕೆಲಸ ಮಾಡಿದರೆ ಕೆಲವೇ ವರ್ಷಗಳಲ್ಲಿ ಈ ಒರತೆಯ ಬಗ್ಗೆ ಯಾವ ಇಲಾಖೆಯ ಕಡತದಲ್ಲೂ ಇಲ್ಲದಷ್ಟು ಮಾಹಿತಿ ಅವರ ಕೈಯಲ್ಲಿರುತ್ತದೆ.

ಇನ್ನು ಉಳಿದದ್ದು ಮಂಡಿನೋವಿನವರ, ಇಕ್ಕಟ್ಟಿಗೆ ಹೆದರುವವರ, ಚಿಕ್ಕ ಮಕ್ಕಳಿರುವವರ ಪ್ರಶ್ನೆ. ಹೋಗಿಬರುವ ಚಾರಣದಲ್ಲಿ ಅವರ ಪಾಲಿಗೆ ಇರುವುದು ಒಂದೇ, ಮೆಟ್ಟಿಲ ಮೇಲೆ ಕೂತು ಬ್ಯಾಗು ಕಾಯುವುದು. ಸುತ್ತಿಗೆ ಎರಡು ಬಾಗಿಲು. ಬೆಳಗ್ಗೆ ಎಲ್ಲರೂ ಒಟ್ಟಿಗೆ ಬುಗ್ಗೆ ನೋಡಿದ ಮೇಲೆ ಗವಿಗೆ ಹೋಗದವರು ಕೆಳಗಿಳಿದು, ವಾಹನದಲ್ಲಿ ತೇರಹಳ್ಳಿಗೆ ಹೋಗಿ, ಊಟದ ಏರ್ಪಾಡು ನೋಡಿಕೊಂಡು, ಕುಂಟೆಯ ಬದಿಯಲ್ಲಿ ಮಿಕ್ಕವರಿಗಾಗಿ ಕಾಯಬಹುದು. ಗವಿಯಲ್ಲಿ ಯಾರಿಗಾದರೂ ಪೆಟ್ಟಾದರೆ ನೆತ್ತಿಯ ಕಡೆಯಿಂದ ನೆರವು ತರಲು ಜನವೂ ವಾಹನವೂ ಸಿದ್ಧವಿದ್ದಂತಾಯಿತು. ಇಳಿಯುವಾಗ ಯಾರು ನಡೆಯಬೇಕು, ಯಾರು ಗಾಡಿ ಹತ್ತಬೇಕು ಎಂಬುದನ್ನು ಊಟವಾದ ಮೇಲೆ ತೀರ್ಮಾನಿಸಿದರೆ ಸಾಕು.